ಹಳೆಯ ಗಣಕಯಂತ್ರದ ನಿಧಾನವೂ ಅದರ ನಿದಾನವೂ

ಯಂತ್ರಕ್ಕೆ ಮುಪ್ಪು ಉಂಟೇ? ಎತ್ತಿಗೆ ಮುಪ್ಪು ಬರುತ್ತದೆ. ಹಲ್ಲು ಸವೆಯುತ್ತದೆ, ನೊಗ ಹೊತ್ತ ಹೆಗಲು ಕುಗ್ಗುತ್ತದೆ. ನೇಗಿಲಿನ ಕುಳ ತೇಯುತ್ತದೆ. ಬಾವಿಯ ರಾಟೆ ಕಿರುಗುಟ್ಟತೊಡಗುತ್ತದೆ. ಇವನ್ನೆಲ್ಲ ಕಂಡು ಬೆಳೆದ ನಾವು, ಮೇಜಿನ ಮೇಲಿರುವ ಗಣಕಯಂತ್ರವೂ ಹತ್ತು ವರ್ಷ ದುಡಿದು ದಣಿದಿದೆಯೆಂದು ಭಾವಿಸುವುದು ಸಹಜವೇ ಆಗಿದೆ. ಗುಂಡಿಯನ್ನೊತ್ತಿ ಕಾಯುತ್ತೇವೆ, ಮತ್ತೊಮ್ಮೆ ಒತ್ತುತ್ತೇವೆ, ಕೊನೆಗೆ “ಹಳೆಯದಾಯಿತು, ಇನ್ನು ಇದರಿಂದ ಪ್ರಯೋಜನವಿಲ್ಲ” ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದದ್ದು, ಅದಕ್ಕೆ ಪರಿಹಾರವೇನಾದರೂ ಉಂಟೇ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಇವು ನನ್ನ ವಿಷಯಗಳು. ಆದರೂ ಈ ವಿಚಾರವಾಗಿ ಬರೆಯಲು ಕಾರಣವುಂಟು. ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದುದು ನಾನೇ ಮೊದಲು. ನನ್ನಂಥವರಿಗೆ ದೊರೆಯುವ ಗಣಕಯಂತ್ರ ಬಹುಮಟ್ಟಿಗೆ ಇನ್ನೊಬ್ಬರು ಉಪಯೋಗಿಸಿ ಬಿಟ್ಟದ್ದೇ ಆಗಿರುತ್ತದೆ. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಶುಲ್ಕ, ಫಲಿತಾಂಶ, ನೌಕರಿಯ ಪ್ರಕಟಣೆ ಎಲ್ಲವೂ ಇಂದು ಅದರ ಮೂಲಕವೇ ನಡೆಯತಕ್ಕವು. ಮನೆಯ ಯಂತ್ರ ಮುಷ್ಕರ ಹೂಡಿತೆಂದರೆ ಪೇಟೆಯ ಅಂಗಡಿಗೆ ಹೋಗಿ ಗಂಟೆಗಿಷ್ಟು, ಹಾಳೆಗಿಷ್ಟು ಎಂದು ತೆರಬೇಕು. ಬಸ್ಸಿನ ಖರ್ಚು ಬೇರೆ. ಯಂತ್ರದ ನಿಧಾನವು ಉಳ್ಳವರಿಗೆ ಬೇಸರದ ವಿಷಯವಾದರೆ ಇಲ್ಲದವರಿಗೆ ಖರ್ಚಿನ ವಿಷಯ.

ಈಚೆಗೆ ಈ ಪ್ರಶ್ನೆಗೆ ಮತ್ತೊಂದು ತುರ್ತು ಒದಗಿದೆ. ೨೦೧೫ರ ಜುಲೈಯಲ್ಲಿ ಹೊರಬಂದ ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ೨೦೨೫ರ ಅಕ್ಟೋಬರ್ ೧೪ರಂದು ಬೆಂಬಲವನ್ನು ಮುಗಿಸಿತು. ಮನೆಬಳಕೆಯವರು ಪ್ರತ್ಯೇಕವಾಗಿ ಹೆಸರು ನೋಂದಾಯಿಸಿಕೊಂಡರೆ ೨೦೨೬ರ ಅಕ್ಟೋಬರ್ ೧೩ರವರೆಗೆ ರಕ್ಷಣೆಯ ಪರಿಷ್ಕರಣಗಳನ್ನು ಕೊಡುವುದಾಗಿ ಹೇಳಿತು. ಅದು ಗಡುವನ್ನು ಮುಂದೆ ತಳ್ಳುವ ಮಾತೇ ಹೊರತು ಪರಿಹಾರವಲ್ಲ. ೨೦೨೧ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ೧೧ ಆದರೋ ಟಿ.ಪಿ.ಎಂ. ೨.೦ ಎಂಬ ರಕ್ಷಣಾ ಸಾಧನವನ್ನು ಕೇಳುತ್ತದೆ. ಇಂಟೆಲ್ ಸಂಸ್ಥೆಯ ಸಂಸ್ಕಾರಕಗಳಲ್ಲಿ, ಕೆಲವು ಅಪವಾದಗಳನ್ನು ಬಿಟ್ಟರೆ, ೨೦೧೭ರಲ್ಲಿ ಆರಂಭವಾದ ಎಂಟನೆಯ ಪೀಳಿಗೆಗಿಂತ ಹಿಂದಿನವು ಅದರ ಅಂಗೀಕೃತ ಪಟ್ಟಿಯಲ್ಲಿಲ್ಲ. ಹೀಗಾಗಿ ನಿನ್ನೆಯವರೆಗೆ ಕೆಲಸ ಮಾಡುತ್ತಿದ್ದ ಎಷ್ಟೋ ಯಂತ್ರಗಳು ಒಂದೇ ದಿನದಲ್ಲಿ ಮುದಿಯಾದವು. ಅವುಗಳನ್ನು ಎಸೆಯಬೇಕೇ, ಇಟ್ಟುಕೊಳ್ಳಬೇಕೇ ಎಂಬುದನ್ನು ತಿಳಿದು ನಿರ್ಧರಿಸಬೇಕಾದರೆ ಯಂತ್ರದ ಒಳಗೆ ನಡೆಯುವ ವ್ಯಾಪಾರವನ್ನು ಸ್ವಲ್ಪಮಟ್ಟಿಗೆ ಅರಿಯಬೇಕು.

ನಮ್ಮ ಕಾಲೇಜಿನ ಗ್ರಂಥಾಲಯವನ್ನು ಮನಸ್ಸಿಗೆ ತಂದುಕೊಳ್ಳಿ. ಮೇಜಿನ ಮುಂದೆ ಕುಳಿತು ಓದುವಾತನೊಬ್ಬ. ಅವನೇ ಸಂಸ್ಕಾರಕ, ಅಂದರೆ ಪ್ರೊಸೆಸರ್. ಅವನ ಮುಂದಿರುವ ಮೇಜು ರ್ಯಾಮ್ ಎಂದು ಕರೆಯುವ ಸ್ಮರಣಕೋಶ. ಹಿಂದಿನ ಕೋಣೆಯಲ್ಲಿರುವ ಕಪಾಟುಗಳ ಸಾಲು ಹಾರ್ಡ್ ಡಿಸ್ಕ್. ಮೇಜಿನ ಮೇಲಿರುವ ಪುಸ್ತಕವನ್ನು ಕೈಚಾಚಿ ತೆಗೆದುಕೊಳ್ಳಬಹುದು. ಕಪಾಟಿನಲ್ಲಿರುವುದನ್ನು ಜವಾನ ಹೋಗಿ ಹುಡುಕಿ ತರಬೇಕು. ಯಾವ ಪುಸ್ತಕ ಮೇಜಿನ ಮೇಲಿರಬೇಕು, ಯಾವುದು ಕಪಾಟಿಗೆ ಹಿಂದಿರುಗಬೇಕು, ಯಾರ ಸರದಿ ಯಾವಾಗ ಎಂದು ನಿರ್ಣಯಿಸುವ ಗ್ರಂಥಪಾಲಕನೇ ಆಪರೇಟಿಂಗ್ ಸಿಸ್ಟಂ, ಎಂದರೆ ಕಾರ್ಯಾಚರಣ ವ್ಯವಸ್ಥೆ. ವಿಂಡೋಸ್ ಎಂಬುದೂ ಲಿನಕ್ಸ್ ಎಂಬುದೂ ಇಂಥ ಗ್ರಂಥಪಾಲಕರ ಹೆಸರುಗಳೇ.

ಕೈಚಾಚುವುದಕ್ಕೂ ಜವಾನನನ್ನು ಕಳಿಸುವುದಕ್ಕೂ ಇರುವ ಅಂತರವನ್ನು ಲೆಕ್ಕದಿಂದ ತಿಳಿಯೋಣ. ಸಾಮಾನ್ಯವಾದ ಹಾರ್ಡ್ ಡಿಸ್ಕಿನೊಳಗಿನ ತಟ್ಟೆ ನಿಮಿಷಕ್ಕೆ ೭,೨೦೦ ಸುತ್ತು ತಿರುಗುತ್ತದೆ. ಸೆಕೆಂಡಿಗೆ ೧೨೦ ಸುತ್ತು. ಬೇಕಾದ ಅಕ್ಷರವಿರುವ ಭಾಗವು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ನಾಲ್ಕಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಮುಳ್ಳು ತಾನೇ ಆ ಪಥಕ್ಕೆ ಸರಿಯಲು ಸುಮಾರು ಒಂಬತ್ತು ಭಾಗ ಬೇಕು. ಒಟ್ಟು ಹದಿಮೂರು. ಸ್ಮರಣಕೋಶದಿಂದ ಅದೇ ಅಕ್ಷರವನ್ನು ತರಲು ಬೇಕಾದುದಾದರೋ ಸೆಕೆಂಡಿನ ಕೋಟಿ ಭಾಗಗಳಲ್ಲಿ ಒಂದರಷ್ಟು. ಹೋಲಿಕೆಗಾಗಿ, ಮೇಜಿನ ಪುಸ್ತಕಕ್ಕೆ ಕೈಚಾಚಲು ಒಂದು ಸೆಕೆಂಡು ಸಾಕೆಂದು ಇಟ್ಟುಕೊಂಡರೆ, ಹಾರ್ಡ್ ಡಿಸ್ಕ್ ಎಂಬ ಕಪಾಟಿಗೆ ಹೋದ ಜವಾನ ಹಿಂದಿರುಗಲು ಒಂದೂವರೆ ದಿನ ಬೇಕಾಗುತ್ತದೆ! ತಿರುಗುವ ತಟ್ಟೆಯೇ ಇಲ್ಲದ ಈಚಿನ ಎಸ್.ಎಸ್.ಡಿ. ಎಂಬ ಸಂಗ್ರಹ ಸಾಧನದಿಂದಾದರೆ ಅವನು ಕಾಲು ಗಂಟೆಗೆ ಸ್ವಲ್ಪ ಮೇಲೆ ಬಂದಾನು. ಈ ಒಂದು ಹೋಲಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಈಗ ಮುಪ್ಪಿನ ಪ್ರಶ್ನೆಗೆ ಬರೋಣ. ಓದುವಾತ ಹತ್ತು ವರ್ಷದ ಹಿಂದೆ ಎಷ್ಟು ವೇಗವಾಗಿ ಓದುತ್ತಿದ್ದನೋ ಇಂದೂ ಅಷ್ಟೇ ವೇಗವಾಗಿ ಓದಬಲ್ಲ. ಮೇಜಿನ ಅಳತೆಯೂ ಕುಗ್ಗಿಲ್ಲ. ಬದಲಾದುದು ಪುಸ್ತಕಗಳ ಗಾತ್ರ. ಮೈಕ್ರೋಸಾಫ್ಟ್ ತನ್ನ ವ್ಯವಸ್ಥೆಗಳಿಗೆ ಕನಿಷ್ಠ ಇಷ್ಟು ಸ್ಮರಣಕೋಶ ಇರಬೇಕೆಂದು ವಿಧಿಸಿದ ಪ್ರಮಾಣಗಳನ್ನೇ ನೋಡಿ. ೧೯೯೫ರ ವಿಂಡೋಸ್ ೯೫ಕ್ಕೆ ೪ ಮೆಗಾಬೈಟ್. ೨೦೦೧ರ ಎಕ್ಸ್.ಪಿ.ಗೆ ೬೪. ೨೦೦೭ರ ವಿಸ್ಟಾಕ್ಕೆ ೫೧೨. ೨೦೦೯ರ ವಿಂಡೋಸ್ ೭ಕ್ಕೆ ಒಂದು ಗಿಗಾಬೈಟ್. ಅನಂತರ ಕೆಲವು ವರ್ಷ ಏರಿಕೆ ನಿಂತು, ೨೦೨೧ರ ವಿಂಡೋಸ್ ೧೧ಕ್ಕೆ ೪ ಗಿಗಾಬೈಟ್ ಆಯಿತು. ಇಪ್ಪತ್ತಾರು ವರ್ಷಗಳಲ್ಲಿ ಸಾವಿರ ಪಟ್ಟು! ಇವು ಕೇವಲ ಬದುಕಿರಲು ಬೇಕಾದ ಗಂಜಿಯ ಪ್ರಮಾಣ. ಅಂತರಜಾಲದ ಪುಟಗಳನ್ನು ತೆರೆದುಕೊಂಡು ಸುಖವಾಗಿ ಕೆಲಸ ಮಾಡಲು ಇದರ ಎರಡರಷ್ಟಾದರೂ ಬೇಕೆಂಬುದು ಬಳಸಿದವರೆಲ್ಲರ ಅನುಭವ.

ಈ ಬೆಳವಣಿಗೆಯೆಲ್ಲ ದುಂದುಗಾರಿಕೆಯೆಂದು ದೂರುವುದು ಸರಿಯಲ್ಲ. ಇದೇ ಏರಿಕೆಯ ನಡುವೆ ನಮ್ಮ ಕನ್ನಡಕ್ಕೂ ಒಂದು ಉಪಕಾರವಾಗಿದೆ. ವಿಂಡೋಸ್ ಎಕ್ಸ್.ಪಿ.ಯೊಂದಿಗೆ “ತುಂಗಾ” ಎಂಬ ಯೂನಿಕೋಡ್ ಕನ್ನಡ ಅಕ್ಷರರೂಪ ಬಂದಿತು; ಒತ್ತಕ್ಷರ, ಗುಣಿತಾಕ್ಷರಗಳನ್ನು ಜೋಡಿಸಿ ತೋರಿಸುವ ಕೆಲಸವನ್ನು ವ್ಯವಸ್ಥೆಯೇ ವಹಿಸಿಕೊಂಡಿತು. ರಕ್ಷಣೆಯ ಏರ್ಪಾಡುಗಳು ಹೆಚ್ಚಿದುದೂ ಅಗತ್ಯದಿಂದಲೇ. ಆದರೆ ಬೆಳೆದುದೆಲ್ಲ ಅಗತ್ಯದಿಂದ ಬೆಳೆದುದಲ್ಲವೆಂದು ಬಲ್ಲವರೇ ಹೇಳಿದ್ದಾರೆ. ಪ್ಯಾಸ್ಕಲ್ ಎಂಬ ಕ್ರಮಭಾಷೆಯನ್ನು ರೂಪಿಸಿದ ಸ್ವಿಟ್ಜರ್‌ಲೆಂಡಿನ ನಿಕ್ಲಾಸ್ ವಿರ್ತ್ ೧೯೯೫ರಲ್ಲಿಯೇ ಒಂದು ಲೇಖನ ಬರೆದು, ಯಂತ್ರಗಳು ಚುರುಕಾಗುವ ವೇಗಕ್ಕಿಂತ ತಂತ್ರಾಂಶಗಳು ಮಂದವಾಗುವ ವೇಗವೇ ಹೆಚ್ಚೆಂಬ ಮಾತನ್ನು ಮುಂದಿಟ್ಟರು; ಕೃಶವಾದ, ಅಚ್ಚುಕಟ್ಟಾದ ತಂತ್ರಾಂಶ ಬೇಕೆಂದು ವಾದಿಸಿದರು. ಮೂಗಿಗಿಂತ ಮೂಗುತಿ ಭಾರವಾಗಬಾರದೆಂಬ ನಮ್ಮವರ ಗಾದೆಯ ತಾತ್ಪರ್ಯವೂ ಅದೇ ಅಲ್ಲವೇ?

ಪುಸ್ತಕಗಳು ದೊಡ್ಡವಾಗಿ ಮೇಜು ಸಾಲದಾದಾಗ ಏನಾಗುತ್ತದೆ? ಇದಕ್ಕೆ ಉತ್ತರ ಹೇಳಲು ಸ್ವಲ್ಪ ಚರಿತ್ರೆ ಬೇಕು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಟಾಮ್ ಕಿಲ್‌ಬರ್ನ್ ಮತ್ತು ಅವರ ಸಂಗಡಿಗರು ರೂಪಿಸಿದ ಅಟ್ಲಾಸ್ ಎಂಬ ಗಣಕಯಂತ್ರ ೧೯೬೨ರ ಡಿಸೆಂಬರಿನಲ್ಲಿ ಕಾರ್ಯಾರಂಭ ಮಾಡಿತು. ಅದರ ಮುಖ್ಯ ಸ್ಮರಣಕೋಶದಲ್ಲಿ ಹಿಡಿಸುತ್ತಿದ್ದುದು ಹದಿನಾರು ಸಾವಿರಕ್ಕೆ ಸ್ವಲ್ಪ ಮೀರಿದ ಸಂಖ್ಯಾಪದಗಳು ಮಾತ್ರ. ತಿರುಗುವ ಡ್ರಮ್ಮುಗಳಲ್ಲಿ ಅದರ ಆರರಷ್ಟು ಹಿಡಿಸುತ್ತಿತ್ತು. ಕಿಲ್‌ಬರ್ನ್ ಅವರ ತಂಡ ಒಂದು ಯುಕ್ತಿ ಹೂಡಿತು: ಎರಡನ್ನೂ ಒಂದೇ ಕೋಶವೆಂಬಂತೆ ಲೆಕ್ಕಕ್ಕೆ ಹಿಡಿದು, ಬೇಕಾದ ಪುಟವನ್ನು ಡ್ರಮ್ಮಿನಿಂದ ಒಳಕ್ಕೆ ತರುವ, ಬೇಡವಾದುದನ್ನು ಹೊರಕ್ಕೆ ಹಾಕುವ ಕೆಲಸವನ್ನು ಯಂತ್ರಕ್ಕೇ ವಹಿಸಿತು. ಸಣ್ಣ ಮೇಜಿನಲ್ಲಿ ದೊಡ್ಡ ಗ್ರಂಥ ಓದುವ ಉಪಾಯವಿದು. ಇಂದಿನ ವಿಂಡೋಸ್, ಲಿನಕ್ಸ್ ಮುಂತಾದುವೆಲ್ಲ ಇದೇ ಉಪಾಯವನ್ನು ಅನುಸರಿಸುತ್ತವೆ.

ಆದರೆ ಈ ಉಪಾಯಕ್ಕೂ ಒಂದು ಎಲ್ಲೆಯುಂಟು. ಮೇಜಿನ ಮೇಲೆ ನಾಲ್ಕು ಪುಸ್ತಕಕ್ಕೆ ಸ್ಥಳವಿದೆ. ಓದುವಾತನಿಗೆ ಐದು ಪುಸ್ತಕಗಳನ್ನು ಒಟ್ಟಿಗೆ ನೋಡಬೇಕಾಗಿದೆ ಎನ್ನಿ. ಐದನೆಯದನ್ನು ತರಿಸಲು ಒಂದನ್ನು ಕಳಿಸುತ್ತಾನೆ. ಮರುಕ್ಷಣವೇ ಕಳಿಸಿದ್ದು ಬೇಕಾಗುತ್ತದೆ. ಅದನ್ನು ತರಿಸಲು ಮತ್ತೊಂದನ್ನು ಕಳಿಸಬೇಕು. ಜವಾನನಿಗೆ ಓಡಾಟವೇ ಓಡಾಟ, ಓದುವಾತನಿಗೆ ಕಾಯುವುದೇ ಕೆಲಸ. ಕೆಲಸವೆಲ್ಲ ಪುಸ್ತಕ ಹೊರುವುದರಲ್ಲೇ ಕಳೆದು ಓದು ನಿಂತುಹೋಗುತ್ತದೆ. ಈ ದುರವಸ್ಥೆಗೆ ಥ್ರ್ಯಾಶಿಂಗ್ ಎಂದು ಹೆಸರು. ನಾವು “ತಾಕಲಾಟ” ಎನ್ನಬಹುದು. ಅಮೆರಿಕದ ಪೀಟರ್ ಡೆನ್ನಿಂಗ್ ೧೯೬೮ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಇದರ ಕಾರಣವನ್ನು ವಿವರಿಸಿದರು. ಪ್ರತಿಯೊಂದು ಕಾರ್ಯಕ್ರಮಕ್ಕೂ ಆಯಾ ಹೊತ್ತಿನಲ್ಲಿ ಕೈಗೆಟಕುವಂತಿರಬೇಕಾದ ಪುಟಗಳ ಗುಂಪೊಂದಿರುತ್ತದೆ. ನಡೆಯುತ್ತಿರುವ ಕಾರ್ಯಕ್ರಮಗಳ ಇಂಥ ಗುಂಪುಗಳೆಲ್ಲ ಸೇರಿ ಸ್ಮರಣಕೋಶದಲ್ಲಿ ಹಿಡಿಸುವವರೆಗೆ ಯಂತ್ರ ಸುಗಮವಾಗಿ ಸಾಗುತ್ತದೆ. ಹಿಡಿಸದಾದೊಡನೆ ಕ್ರಮೇಣ ನಿಧಾನವಾಗುವುದಿಲ್ಲ, ಥಟ್ಟನೆ ಕುಸಿಯುತ್ತದೆ. ಹಳೆಯ ಯಂತ್ರವು ಒಂದು ಪುಟ ಹೆಚ್ಚು ತೆರೆದೊಡನೆ ಏಕೆ ಕಲ್ಲಾಗಿಬಿಡುತ್ತದೆ ಎಂಬ ಪ್ರಶ್ನೆಗೆ ಇದೇ ಉತ್ತರ. ಅದು ಮುಪ್ಪಿನ ಲಕ್ಷಣವಲ್ಲ, ತಾಕಲಾಟದ ಲಕ್ಷಣ.

ಆದುದರಿಂದ ಚಿಕಿತ್ಸೆಗಿಂತ ಮುಂಚೆ ರೋಗದ ಮೂಲವನ್ನು ಗೊತ್ತುಮಾಡಬೇಕು. ನಮ್ಮ ವೈದ್ಯಶಾಸ್ತ್ರದಲ್ಲಿ ಇದನ್ನೇ ನಿದಾನವೆನ್ನುತ್ತಾರೆ. ನಿಧಾನಕ್ಕೆ ಮದ್ದು ನಿದಾನ. ಒಂದು ಮಹಾಪ್ರಾಣದ ವ್ಯತ್ಯಾಸವಷ್ಟೆ. ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಜೀನ್ ಆಮ್ಡಾಲ್ ೧೯೬೭ರಲ್ಲಿ ಬೇರೊಂದು ಸಂದರ್ಭದಲ್ಲಿ ಮಂಡಿಸಿದ ತತ್ತ್ವವೊಂದು ಇಲ್ಲಿ ದಾರಿ ತೋರಿಸುತ್ತದೆ: ಕೆಲಸದ ಯಾವ ಭಾಗವನ್ನು ಚುರುಕುಗೊಳಿಸಿದರೂ ದೊರೆಯುವ ಲಾಭ, ಆ ಭಾಗವು ಒಟ್ಟು ಕೆಲಸದಲ್ಲಿ ಎಷ್ಟು ಪಾಲು ಎಂಬುದಕ್ಕೆ ಒಳಪಟ್ಟಿರುತ್ತದೆ. ಉದಾಹರಣೆಗೆ ಒಂದು ಕೆಲಸಕ್ಕೆ ನೂರು ಸೆಕೆಂಡು ಹಿಡಿಯುತ್ತಿದ್ದು, ಅದರಲ್ಲಿ ೮೦ ಸೆಕೆಂಡು ಡಿಸ್ಕಿಗಾಗಿ ಕಾಯುವುದರಲ್ಲಿಯೂ ೨೦ ಸೆಕೆಂಡು ಸಂಸ್ಕಾರಕದ ಲೆಕ್ಕದಲ್ಲಿಯೂ ಕಳೆಯುತ್ತಿದೆ ಎಂದುಕೊಳ್ಳೋಣ. ಎರಡರಷ್ಟು ವೇಗದ ಸಂಸ್ಕಾರಕ ತಂದರೆ ನೂರು ತೊಂಬತ್ತಾಗುತ್ತದೆ. ಹತ್ತರಷ್ಟು ವೇಗದ ಡಿಸ್ಕ್ ತಂದರೆ ಇಪ್ಪತ್ತೆಂಟಕ್ಕೆ ಇಳಿಯುತ್ತದೆ. ಕಾಲುವೆಯಲ್ಲಿ ನೀರು ಬಾರದಿದ್ದರೆ ಕಸ ಕಟ್ಟಿದ ತೂಬನ್ನು ಬಿಡಿಸಬೇಕೇ ಹೊರತು ಕಾಲುವೆಯುದ್ದಕ್ಕೂ ಅಗೆಯುವುದು ವ್ಯರ್ಥವಲ್ಲವೇ?

ನನ್ನ ಅನುಭವಕ್ಕೆ ಬಂದ ಒಂದು ಯಂತ್ರದ ಮಾತು ಹೇಳುತ್ತೇನೆ. ನಮ್ಮೂರಿನ ವರ್ತಕರೊಬ್ಬರು ಹೊಸದನ್ನು ಕೊಂಡಾಗ ತಮ್ಮ ಹಳೆಯ ಗಣಕವನ್ನು ನನಗೆ ಕೊಟ್ಟರು. ೨೦೧೨ರ ಕಾಲದ್ದು, ೪ ಗಿಗಾಬೈಟ್ ಸ್ಮರಣಕೋಶ, ತಿರುಗುವ ಹಾರ್ಡ್ ಡಿಸ್ಕ್, ಮೇಲೆ ವಿಂಡೋಸ್ ೧೦. ಗುಂಡಿಯೊತ್ತಿದ ಮೇಲೆ ಅಕ್ಕಿ ತೊಳೆದು ಒಲೆಯ ಮೇಲಿಟ್ಟು ಬರುವಷ್ಟು ಹೊತ್ತು ಅದು ಏಳುತ್ತಿರಲಿಲ್ಲ. ಪೇಟೆಯ ರಿಪೇರಿಯವರೊಬ್ಬರು ಬಿಚ್ಚಿ ನೋಡದೆಯೇ “ಇದಕ್ಕೆ ಆಯುಸ್ಸು ಮುಗಿದಿದೆ, ಹೊಸದು ತಗೊಳ್ಳಿ” ಎಂದರು. ಹೊಸದರ ಬೆಲೆಯನ್ನು ಕೇಳಿ ನಮ್ಮ ತಂದೆ ಏನೂ ಮಾತನಾಡಲಿಲ್ಲ. ಹಸುವನ್ನು ಮಾರುವ ವಿಚಾರ ಅವರ ಮನಸ್ಸಿನಲ್ಲಿ ಹಾದುಹೋಗಿತ್ತೆಂದು ತಾಯಿಯಿಂದ ಆಮೇಲೆ ತಿಳಿಯಿತು. ಬಿಚ್ಚದೆ ಕೊಟ್ಟ ಆ ತೀರ್ಪನ್ನು ಒಪ್ಪಲು ನನಗೆ ಮನಸ್ಸಾಗಲಿಲ್ಲ. ಪರೀಕ್ಷಿಸಿ ನೋಡೋಣವೆಂದು ಕುಳಿತೆ.

ಪರೀಕ್ಷೆ ಕಷ್ಟವೇನಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸಂಸ್ಕಾರಕ, ಸ್ಮರಣಕೋಶ, ಡಿಸ್ಕ್ ಎಂಬ ಕಂಬಸಾಲುಗಳು ಕಾಣುತ್ತವೆ. ಯಂತ್ರ ತಡವರಿಸುತ್ತಿರುವಾಗಲೇ ಅವುಗಳನ್ನು ನೋಡಬೇಕು. ಸಂಸ್ಕಾರಕ ನೂರರ ಸಮೀಪದಲ್ಲಿ ನಿಂತಿದ್ದರೆ ಓದುವಾತನಿಗೇ ಹೊರೆ ಹೆಚ್ಚಿದೆ. ಡಿಸ್ಕ್ ನೂರರಲ್ಲಿ ನಿಂತು ಸಂಸ್ಕಾರಕ ಬಿಡುವಾಗಿದ್ದರೆ ತಡ ಕಪಾಟಿನಲ್ಲಿದೆ. ಸ್ಮರಣಕೋಶವೂ ಡಿಸ್ಕೂ ಒಟ್ಟಿಗೆ ತುಂಬಿದ್ದರೆ ಅದು ತಾಕಲಾಟ. ನನ್ನ ಯಂತ್ರದ ರೋಗ ಈ ಮೂರನೆಯದೇ ಆಗಿತ್ತು. ಸಂಸ್ಕಾರಕ ಹೆಚ್ಚುಕಾಲ ಸುಮ್ಮನೆ ಕುಳಿತಿತ್ತು. ದಣಿದಿದೆಯೆಂದು ನಾವು ಮರುಗಿದ ಎತ್ತು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿತ್ತು!

ಇನ್ನು ಪರಿಹಾರಗಳು. ಖರ್ಚಿಲ್ಲದವನ್ನು ಮೊದಲು ಹೇಳುತ್ತೇನೆ.

ಮೊದಲನೆಯದು, ಕರೆಯದೆ ಬಂದ ಅತಿಥಿಗಳನ್ನು ಕಳಿಸುವುದು. ನಾವು ಹಾಕಿಕೊಂಡ ಎಷ್ಟೋ ತಂತ್ರಾಂಶಗಳು ಯಂತ್ರ ಎದ್ದೊಡನೆ ತಾವೂ ಎದ್ದು ಮೇಜಿನ ಒಂದು ಮೂಲೆಯನ್ನು ಹಿಡಿದುಕೊಳ್ಳುತ್ತವೆ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ವಿಭಾಗದಲ್ಲಿ ಇವುಗಳ ಪಟ್ಟಿಯಿದೆ. ಪ್ರತಿಯೊಂದರ ಹೆಸರನ್ನೂ ತಿಳಿದುಕೊಂಡು ಬೇಡವಾದುದನ್ನು ಅಲ್ಲಿಯೇ ತಡೆಯಬಹುದು, ತೆಗೆದುಹಾಕಬೇಕಾಗಿಲ್ಲ. ವೈರಸ್ಸು ತಡೆಯುವ ತಂತ್ರಾಂಶಗಳು ಎರಡಿದ್ದರೆ ಒಂದನ್ನು ಉಳಿಸಿಕೊಂಡರೆ ಸಾಕು. ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರು ಒಬ್ಬರನ್ನೊಬ್ಬರು ತಪಾಸಣೆ ಮಾಡುತ್ತ ನಿಲ್ಲುತ್ತಾರೆ. ಎರಡನೆಯದು, ಅಂತರಜಾಲ ನೋಡುವ ಬ್ರೌಸರಿನಲ್ಲಿ ತೆರೆದಿಟ್ಟ ಪುಟಗಳು. ಇಂದು ಮೇಜಿನ ಅತಿ ದೊಡ್ಡ ಪಾಲನ್ನು ನುಂಗುವುದು ಇವೇ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ಇಲ್ಲಿ ಅಕ್ಷರಶಃ ಸತ್ಯ. ಮೂರನೆಯದು, ಆಗಾಗ ರೀಸ್ಟಾರ್ಟ್ ಮಾಡುವುದು. ವಿಂಡೋಸ್ ೮ ಬಂದಂದಿನಿಂದ ಶಟ್‌ಡೌನ್ ಎಂಬುದು ಪೂರ್ಣ ನಿದ್ರೆಯಲ್ಲ. ಬೇಗ ಏಳಲೆಂದು ವ್ಯವಸ್ಥೆಯು ತನ್ನ ಒಳಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಮೊದಲಿನಿಂದ ಹೊಸದಾಗಿ ಏಳುವುದು ರೀಸ್ಟಾರ್ಟಿನಿಂದಲೇ. ನಾಲ್ಕನೆಯದು, ಡಿಸ್ಕಿನಲ್ಲಿ ಸ್ವಲ್ಪ ತೆರವು ಇಟ್ಟಿರುವುದು. ಕಿಟಕಿಗಳ ನೆರಳು, ಜಾರಾಟ ಮೊದಲಾದ ಅಲಂಕಾರಗಳನ್ನು ನಿಲ್ಲಿಸುವುದರಿಂದಲೂ ತುಸು ಲಾಭವುಂಟು. ಆದರೆ ತಾಕಲಾಟದ ಯಂತ್ರಕ್ಕೆ ಅದು ಮುಖ ತೊಳೆದಂತೆ, ಹೊಟ್ಟೆ ತುಂಬಿಸಿದಂತಲ್ಲ.

ಮಾಡಬಾರದ ಕೆಲಸಗಳನ್ನೂ ಹೇಳುವುದು ಉಚಿತ. ಸ್ಮರಣಕೋಶವನ್ನು “ಖಾಲಿ ಮಾಡಿ” ವೇಗ ಕೊಡುತ್ತೇವೆನ್ನುವ ತಂತ್ರಾಂಶಗಳುಂಟು. ಮೇಜಿನ ಮೇಲಿನ ಪುಸ್ತಕಗಳನ್ನೆಲ್ಲ ಕಪಾಟಿಗೆ ಕಳಿಸಿ ಮೇಜು ಸ್ವಚ್ಛವಾಯಿತೆಂದು ಹಿಗ್ಗುವುದು ಹೇಗೋ ಇದೂ ಹಾಗೆಯೇ. ಮರುಗಳಿಗೆಯಲ್ಲಿ ಅವೆಲ್ಲ ಮತ್ತೆ ಬೇಕಾಗುತ್ತವೆ. ಬಳಸದೆ ಬಿಟ್ಟ ಸ್ಮರಣಕೋಶ ಉಳಿತಾಯವಲ್ಲ. ರಿಜಿಸ್ಟ್ರಿಯನ್ನು ಶುಚಿಗೊಳಿಸುವುದಾಗಿ ಹೇಳುವ ತಂತ್ರಾಂಶಗಳಿಂದ ಲಾಭ ಕಾಣದಷ್ಟು ಅಲ್ಪ, ಕೆಡುಕಿನ ಸಂಭವ ಅದಕ್ಕಿಂತ ಹೆಚ್ಚು. ಚದುರಿದ ಕಡತಗಳನ್ನು ಒಟ್ಟುಗೂಡಿಸುವ ಡಿಫ್ರಾಗ್ ಎಂಬ ಕ್ರಿಯೆ ತಿರುಗುವ ಡಿಸ್ಕಿಗೆ ಹಿತ, ಎಸ್.ಎಸ್.ಡಿ.ಗೆ ಅದರ ಅಗತ್ಯವಿಲ್ಲ, ಸವೆತ ಮಾತ್ರ. ಎಲ್ಲಕ್ಕಿಂತ ಅಪಾಯದ್ದೆಂದರೆ, ಹಗುರವಾಗಿದೆಯೆಂದು ಬೆಂಬಲ ಮುಗಿದ ವ್ಯವಸ್ಥೆಗೆ ಹಿಂದಿರುಗುವುದು. ಎಕ್ಸ್.ಪಿ.ಗೆ ೨೦೧೪ರ ಏಪ್ರಿಲ್‌ನಲ್ಲಿಯೂ ವಿಂಡೋಸ್ ೭ಕ್ಕೆ ೨೦೨೦ರ ಜನವರಿಯಲ್ಲಿಯೂ ಬೆಂಬಲ ನಿಂತಿತು. ಬೀಗವಿಲ್ಲದ ಮನೆಯ ಬಾಗಿಲು ಸಲೀಸಾಗಿ ತೆರೆಯುತ್ತದೆ, ನಿಜ. ಆದರೆ ಎಲ್ಲರಿಗೂ ತೆರೆಯುತ್ತದೆ. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರದಲ್ಲಿ ಈ ಸಾಹಸ ಸಲ್ಲದು.

ಯಂತ್ರಕ್ಕೆ ಮುಪ್ಪೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಎರಡು ಕಡೆ ಅದು ನಿಜವಾಗಿಯೂ ಮುದಿಯಾಗುತ್ತದೆ. ಧೂಳು ತುಂಬಿ ಫ್ಯಾನಿನ ಗಾಳಿ ಕಟ್ಟಿದರೆ, ಸಂಸ್ಕಾರಕವು ನೂರು ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ನಮ್ಮ ಬೇಸಗೆಯಲ್ಲಿ ಇದು ಅಪರೂಪವಲ್ಲ. ಧೂಳು ತೆಗೆಯುವುದೇ ಇದಕ್ಕೆ ಮದ್ದು. ಎರಡನೆಯದಾಗಿ ಹಾರ್ಡ್ ಡಿಸ್ಕಿನ ತಟ್ಟೆಯಲ್ಲಿ ಕೆಟ್ಟ ತಾಣಗಳು ಹುಟ್ಟಿದರೆ ಅದು ಒಂದೇ ಸ್ಥಳವನ್ನು ಮತ್ತೆ ಮತ್ತೆ ಓದಲು ಹೆಣಗುತ್ತದೆ. ಆಗ ವೇಗದ ಚಿಂತೆ ಬಿಟ್ಟು ಮೊದಲು ಕಡತಗಳನ್ನು ಬೇರೆಡೆ ನಕಲು ಮಾಡಿಕೊಳ್ಳಬೇಕು.

ಸ್ವಲ್ಪ ಹಣ ಹಾಕಬಲ್ಲವರಿಗೆ ಎರಡು ಮಾರ್ಗಗಳು: ಮೇಜನ್ನು ದೊಡ್ಡದು ಮಾಡುವುದು, ಇಲ್ಲವೇ ಜವಾನನನ್ನು ಚುರುಕು ಮಾಡುವುದು. ಸ್ಮರಣಕೋಶದ ಪಟ್ಟಿಗಳಲ್ಲಿ ಡಿ.ಡಿ.ಆರ್. ೩, ಡಿ.ಡಿ.ಆರ್. ೪ ಎಂಬ ಭೇದಗಳಿವೆ. ಒಂದರ ಕಿಂಡಿಯಲ್ಲಿ ಇನ್ನೊಂದು ಕೂರದು. ಆದ್ದರಿಂದ ಯಂತ್ರದ ಜಾತಿಯನ್ನು ತಿಳಿದೇ ಕೊಳ್ಳಬೇಕು. ಹಾರ್ಡ್ ಡಿಸ್ಕಿನ ಸ್ಥಾನದಲ್ಲಿ ಎಸ್.ಎಸ್.ಡಿ. ಇಟ್ಟರೆ ಒಂದೂವರೆ ದಿನದ ಜವಾನ ಕಾಲು ಗಂಟೆಯವನಾಗುತ್ತಾನೆ. ಸಾಟಾ ಎಂಬ ಜೋಡಣೆಯಿರುವ ಹಳೆಯ ಯಂತ್ರಗಳೂ ಇದನ್ನು ಸ್ವೀಕರಿಸುತ್ತವೆ. ಹೊಸ ಯಂತ್ರದ ಬೆಲೆಗೆ ಹೋಲಿಸಿದರೆ ಇದರ ಬೆಲೆ ಒಂದು ಸಣ್ಣ ಪಾಲು. ನಾನು ಮಾಡಿದುದು ಇದನ್ನೇ. ರಜೆಯಲ್ಲಿ ಕೂಲಿ ಮಾಡಿದ ದುಡ್ಡು ಅದಕ್ಕೆ ಸಾಕಾಯಿತು. ಹಸು ಕೊಟ್ಟಿಗೆಯಲ್ಲೇ ಉಳಿಯಿತು.

ವಿಂಡೋಸ್ ೧೦ರ ಗಡುವು ಬಂದಾಗ ಮೂರನೆಯ ಮಾರ್ಗ ಹಿಡಿಯಬೇಕಾಯಿತು. ಅದು ಗ್ರಂಥಪಾಲಕನನ್ನೇ ಬದಲಿಸುವುದು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಆರಂಭಿಸಿದ ಲಿನಕ್ಸ್ ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯಬಹುದಾದ, ತಿದ್ದಬಹುದಾದ ವ್ಯವಸ್ಥೆ. ಅದರ ಮೇಲುಹೊದಿಕೆಗಳು ಹಲವು. ೧೯೯೬ರಲ್ಲಿ ಒಲಿವಿಯೆ ಫೋರ್ಡಾನ್ ಆರಂಭಿಸಿದ ಎಕ್ಸ್‌ಎಫ್‌ಸಿಇ, ಲುಬುಂಟು ಬಳಸುವ ಎಲ್‌ಎಕ್ಸ್‌ಕ್ಯೂಟಿ ಇವು ಹಗುರವಾದವು. ಲಿನಕ್ಸ್ ಮಿಂಟ್ ಕನಿಷ್ಠವೆಂದು ಹೇಳುವುದು ೨ ಗಿಗಾಬೈಟ್, ಸುಖಕ್ಕೆ ೪. ಪೆನ್ ಡ್ರೈವಿನಿಂದಲೇ ಯಂತ್ರವನ್ನು ಎಬ್ಬಿಸಿ, ಒಳಗಿನದನ್ನು ಮುಟ್ಟದೆ, ಹೊಂದುವುದೋ ಇಲ್ಲವೋ ಎಂದು ನೋಡಬಹುದಾದುದು ಇದರ ದೊಡ್ಡ ಅನುಕೂಲ. ಯಂತ್ರವು ೬೪ ಬಿಟ್ಟಿನದೇ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು. ೩೨ ಬಿಟ್ಟಿನವುಗಳಿಗೆ ಈ ಬಾಗಿಲೂ ಮುಚ್ಚುತ್ತ ಬಂದಿದೆ. ೨೦೨೫ರ ಆಗಸ್ಟಿನಲ್ಲಿ ಬಂದ ಡೆಬಿಯನ್ ೧೩ರಲ್ಲಿ ಅಂಥವಕ್ಕೆ ಸ್ಥಾಪನಾ ಪ್ರತಿಯಿಲ್ಲ.

ಕನ್ನಡ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದುಬಂದ ಕೀಲಿಮಣೆಯ ಕ್ರಮ ಲಿನಕ್ಸಿನಲ್ಲಿಯೂ ದೊರೆಯುತ್ತದೆ. ಹೊಸದಾಗಿ ಬೆರಳು ಪಳಗಿಸಬೇಕಾಗಿಲ್ಲ. ಆದರೆ ನುಡಿಯ ಹಳೆ ಅಕ್ಷರರೂಪಗಳಲ್ಲಿ ಬೆರಳಚ್ಚು ಮಾಡಿದ ಕಡತಗಳು ಯೂನಿಕೋಡಿನಲ್ಲಿಲ್ಲ. ಆ ಅಕ್ಷರರೂಪವಿಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ವ್ಯವಸ್ಥೆ ಬದಲಿಸುವ ಮುನ್ನ ಅಂಥವನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳುವುದು ಕ್ಷೇಮ. ಇನ್ನೊಂದು ಮಾತನ್ನೂ ಮರೆಮಾಚಬಾರದು: ಗ್ರಂಥಪಾಲಕ ಹಗುರವಾದ ಮಾತ್ರಕ್ಕೆ ಅಂತರಜಾಲದ ಪುಟಗಳು ಹಗುರವಾಗುವುದಿಲ್ಲ. ಮೇಜಿನಲ್ಲಿ ಅವನು ಹಿಡಿಯುತ್ತಿದ್ದ ಸ್ಥಳ ಉಳಿಯುತ್ತದೆ, ಅಷ್ಟೇ ಲಾಭ. ತಾಕಲಾಟದ ಅಂಚಿನಲ್ಲಿರುವ ಯಂತ್ರಕ್ಕೆ ಅಷ್ಟೇ ಸಾಕಾಗುವುದುಂಟು.

ಇಷ್ಟೆಲ್ಲ ಶ್ರಮವೇಕೆ ಎಂದು ಕೇಳುವವರಿಗೆ ಎರಡು ಅಂಕಿಗಳನ್ನು ಮುಂದಿಡುತ್ತೇನೆ. ಒಂದು ಮೇಜಿನ ಗಣಕವನ್ನೂ ಅದರ ಹಳೆಯ ಬಗೆಯ ಪರದೆಯನ್ನೂ ತಯಾರಿಸಲು ಕಡಮೆಯೆಂದರೆ ೨೪೦ ಕಿಲೋಗ್ರಾಂ ಇಂಧನ, ೧,೫೦೦ ಕಿಲೋಗ್ರಾಂ ನೀರು ವೆಚ್ಚವಾಗುತ್ತಿತ್ತೆಂದು ವಿಶ್ವಸಂಸ್ಥೆಯ ವಿಶ್ವವಿದ್ಯಾನಿಲಯದ ೨೦೦೪ರ ಅಧ್ಯಯನ ಲೆಕ್ಕ ಹಾಕಿತು. ೨೦೨೨ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ಕಸ ಆರು ಕೋಟಿ ಇಪ್ಪತ್ತು ಲಕ್ಷ ಟನ್ನುಗಳೆಂದೂ, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ತಂದುದಕ್ಕೆ ದಾಖಲೆಯಿರುವುದು ಶೇಕಡ ೨೨.೩ ಮಾತ್ರವೆಂದೂ ವಿಶ್ವಸಂಸ್ಥೆಯ ೨೦೨೪ರ ವರದಿ ತಿಳಿಸುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇವು ಬರಿಯ ಅಂಕಿಗಳಲ್ಲ. ಬಾಳಿಕೆಯಿರುವ ಬಂಡವಾಳವನ್ನು ಪರೀಕ್ಷಿಸದೆ ತೊಡೆದುಹಾಕುವುದು ಯಾವ ಲೆಕ್ಕದಲ್ಲಿಯೂ ಜಮೆಯಾಗುವುದಿಲ್ಲ.

ಕೊನೆಯದಾಗಿ ಸಹಪಾಠಿಗಳಲ್ಲಿಯೂ ಅಧ್ಯಾಪಕ ವರ್ಗದಲ್ಲಿಯೂ ನನ್ನದೊಂದು ವಿನಂತಿ. ಯಾವ ಗಣಕಯಂತ್ರವನ್ನಾಗಲಿ ನಿರುಪಯುಕ್ತವೆಂದು ಬರೆದುಹಾಕುವ ಮೊದಲು ಅದರ ಮುಂದೆ ಅರ್ಧ ಗಂಟೆ ಕುಳಿತು ಆ ಕಂಬಸಾಲುಗಳನ್ನು ನೋಡುವ ಪದ್ಧತಿಯನ್ನು ನಮ್ಮಲ್ಲಿ ಬೆಳೆಸಬಾರದೇಕೆ? ಪ್ರತಿ ವರ್ಷ ನಾಲ್ಕೈದು ವಿದ್ಯಾರ್ಥಿಗಳು ಸೇರಿ, ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ, ತಡ ಎಲ್ಲಿದೆಯೆಂದು ಒಂದೊಂದು ಯಂತ್ರಕ್ಕೂ ಒಂದು ಚೀಟಿ ಬರೆದು ಅಂಟಿಸಿದರೆ ಸಾಕು: ಇದಕ್ಕೆ ಧೂಳು, ಇದಕ್ಕೆ ಸ್ಮರಣಕೋಶ, ಇದಕ್ಕೆ ಡಿಸ್ಕು, ಇದು ನಿಜವಾಗಿಯೂ ಮುಗಿಯಿತು ಎಂದು. ಮುಗಿದುದನ್ನು ಕ್ರಮವಾಗಿ ಕಳಿಸೋಣ. ಉಳಿದವು, ಮನೆಯಲ್ಲಿ ಯಂತ್ರವಿಲ್ಲದ ಯಾರಾದರೊಬ್ಬರು ಪರೀಕ್ಷೆಯ ಅರ್ಜಿ ತುಂಬಲು, ನಿಬಂಧ ಬರೆಯಲು ಬಂದಾಗ ಕೆಲಸಕ್ಕೆ ಬರುತ್ತವೆ. ವಿಜ್ಞಾನ ಓದದ ನನಗೆ ತಿಳಿದಷ್ಟನ್ನು ಹೇಳಿದ್ದೇನೆ. ಬಲ್ಲವರು ತಿದ್ದಿ ಹೆಚ್ಚಿನದನ್ನು ತಿಳಿಸಿಕೊಟ್ಟರೆ ಕೃತಜ್ಞತೆಯಿಂದ ಸ್ವೀಕರಿಸುತ್ತೇನೆ.